81 ದಳದ ಹೂವು ಬಿಡಿಸ್ತಾ ಚೇತರಿಸಿಕೊಳ್ಳೋದು: ಋತುಗಳು, ತಾಳ್ಮೆ ಮತ್ತು ಚೀನಾದ ಹಳೇ ವೈದ್ಯ

ಜ್ವರ ಬಿಟ್ಟಿದೆ, ರಿಪೋರ್ಟ್ ಎಲ್ಲಾ ನಾರ್ಮಲ್ ಅಂತ ಬಂದಿದೆ, ಮನೆಯವರು ಫ್ರೆಂಡ್ಸು ಎಲ್ರೂ "ಸದ್ಯ, ಹುಷಾರಾದ್ಯಲ್ಲ" ಅಂತ ಹೇಳಿ ಅವರವರ ಕೆಲಸಕ್ಕೆ ಹೋಗಿದಾರೆ, ಆದ್ರೆ ಎರಡು ಮಹಡಿ ಮೆಟ್ಟಿಲು ಹತ್ತಿದ್ರೆ ಕಾಲು ನಡುಗತ್ತೆ, ಮಧ್ಯಾಹ್ನ ಮೂರು ಗಂಟೆಗೆ ಯಾರೋ ಪ್ಲಗ್ ಕಿತ್ತ ಹಾಗೆ ಮೈ ಕುಸಿಯತ್ತೆ. ಈ ಸ್ಥಿತಿ ಯಾರಿಗೆಲ್ಲ ಗೊತ್ತೋ ಅವರಿಗೋಸ್ಕರ ಇದನ್ನ ಬರೀತಿದೀನಿ. ನನಗೆ ಲಂಗ್ಸ್ ಇನ್ಫೆಕ್ಷನ್ ಆಗಿ ವಾಸಿಯಾದ ಮೇಲೆ ಇದೇ ಆಗಿತ್ತು, ಒಂದು ವಾರಕ್ಕೇ ಕೆಲಸಕ್ಕೆ ಹೋದೆ, ಮತ್ತೆ ಮಲಗಿದೆ, ಮತ್ತೆ ಎದ್ದು ಹೋದೆ, ಮತ್ತೆ ಮಲಗಿದೆ. ಡಾಕ್ಟರ್‌ನ ಕೇಳಿದ್ರೆ "ಟೈಮ್ ಕೊಡಿ" ಅಂದ್ರು. ಟೈಮ್ ಕೊಡೋದು ಅಂದ್ರೆ ಏನು ಮಾಡೋದು, ದಿನಾ ಬೆಳಿಗ್ಗೆ ಎದ್ದು ಕೂತು ಕಾಯೋದಾ? ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಚೀನಾದ ಹಳೇ ವೈದ್ಯಪದ್ಧತಿಯ ಬಗ್ಗೆ ಓದ್ತಾ ಇದ್ದಾಗ. ಔಷಧಿ ಕಡೆಯಿಂದ ಅಲ್ಲ, ಅವರು ಕ್ಯಾಲೆಂಡರ್ ನೋಡೋ ರೀತಿಯಿಂದ.

ಶುರು ಮಾಡೋಕೆ ಮುಂಚೆ ಒಂದು ಮಾತು. ಸುಸ್ತು ಯಾಕೆ ಅಂತ ಗೊತ್ತಿಲ್ಲದೇ ಇದ್ರೆ, ಉಸಿರು ಕಟ್ಟಿದ ಹಾಗೆ ಆಗ್ತಿದ್ರೆ, ಎದೆನೋವು ಇದ್ರೆ, ತೂಕ ತಾನಾಗೇ ಇಳೀತಿದ್ರೆ, ಬದುಕೋದೇ ಬೇಡ ಅನ್ನಿಸ್ತಿದ್ರೆ ಮೊದಲು ಡಾಕ್ಟರ್ ಹತ್ರ ಹೋಗಿ. ಕೆಳಗಿರೋದೆಲ್ಲ ಚಿಕಿತ್ಸೆಯ ಜೊತೆ ಮಾಡೋದೇ ಹೊರತು ಅದರ ಬದಲು ಮಾಡೋದಲ್ಲ. ಮಾತ್ರೆ ನಿಲ್ಲಿಸೋ ನಿರ್ಧಾರ ನೀವೇ ತಗೋಬೇಡಿ.

ಹೆಜ್ಜೆ 1: ಒಂದು ಹಾಳೆ ತಗೊಳ್ಳಿ, ಹೂವು ಬಿಡಿಸಿ

ಚೀನಾದಲ್ಲಿ ವರ್ಷದ ಅತಿ ಚಿಕ್ಕ ಹಗಲಿನ ದಿನ, ಅಂದ್ರೆ ಡಿಸೆಂಬರ್ 21 ಅಥವಾ 22, ಅದನ್ನ ದೋಂಗ್‌ಝಿ ಅಂತಾರೆ. ಅಲ್ಲಿಂದ ಚಳಿಗಾಲನ ಒಂಬತ್ತು ಒಂಬತ್ತು ದಿನದ ಕಂತುಗಳಾಗಿ ಎಣಿಸ್ತಾರೆ, ಒಂಬತ್ತೊಂಬತ್ಲಿ 81 ದಿನ. ಡಿಸೆಂಬರ್ 21ಕ್ಕೆ ಶುರು ಮಾಡಿದ್ರೆ ಮಾರ್ಚ್ 11ರ ಹೊತ್ತಿಗೆ ಮುಗಿಯತ್ತೆ, ಆಗ ಹೊರಗಡೆ ಚಳಿ ಮುರಿದಿರತ್ತೆ. ಈ ಎಣಿಕೆಗೆ ಒಂದು ಚಿತ್ರ ಇದೆ. ಎಲೆ ಇಲ್ಲದ ಪ್ಲಮ್ ಮರದ ಒಂದು ಕೊಂಬೆ, ಅದರಲ್ಲಿ ಒಂಬತ್ತು ಹೂವು, ಪ್ರತಿ ಹೂವಿಗೂ ಒಂಬತ್ತು ದಳ, ಎಲ್ಲಾ ಬರೀ ಗೆರೆ, ಬಣ್ಣ ಇಲ್ಲ. ದಿನಕ್ಕೆ ಒಂದೇ ಒಂದು ದಳಕ್ಕೆ ಬಣ್ಣ ತುಂಬಬೇಕು. ಕೊಂಬೆ ಪೂರ್ತಿ ಕೆಂಪಾದಾಗ ವಸಂತ ಬಂದಿರತ್ತೆ. ಇದರದ್ದೇ ಇನ್ನೊಂದು ಥರ ಇದೆ, ಒಂಬತ್ತು ಅಕ್ಷರದ ಒಂದು ಸಾಲು, ಪ್ರತಿ ಅಕ್ಷರಕ್ಕೂ ಒಂಬತ್ತು ಗೀಟು, ಚಿಂಗ್ ಅರಸರ ಕಾಲದಲ್ಲಿ ಅರಮನೆಯಲ್ಲೂ ಇದನ್ನ ದಿನಕ್ಕೊಂದು ಗೀಟಿನ ಲೆಕ್ಕದಲ್ಲಿ ತುಂಬ್ತಿದ್ರು. ಆ ಸಾಲಿನ ಅರ್ಥ ಹೆಚ್ಚುಕಮ್ಮಿ ಹೀಗೆ: ಮಂಟಪದ ಮುಂದಿನ ವಿಲೋ ಮರ ವಸಂತದ ಗಾಳಿಗೆ ಜೋಪಾನವಾಗಿ ಕಾಯ್ತಾ ಇದೆ.

ಈ ಚಿತ್ರ ನನಗೆ ಇಷ್ಟು ಹಿಡಿಸೋಕೆ ಕಾರಣ ಏನಂದ್ರೆ, ಇದರಲ್ಲಿ ಮುಂದಕ್ಕೆ ಹಾರೋಕೆ ದಾರಿನೇ ಇಲ್ಲ. ಇವತ್ತು ಉತ್ಸಾಹ ಇದೆ ಅಂತ ಐದು ದಳ ತುಂಬಿದ್ರೆ ಚಳಿ ಐದು ದಿನ ಬೇಗ ಹೋಗಲ್ಲ. ನಿನ್ನೆ ತುಂಬೋಕೆ ಮರೆತ್ರೂ ದಿನ ಕಳೆದೇ ಕಳೆದಿದೆ, ಇವತ್ತು ತುಂಬಿದ್ರಾಯ್ತು.

ಬಿಡಿಸೋಕೆ ಡ್ರಾಯಿಂಗ್ ಬರ್ಬೇಕು ಅಂತೇನಿಲ್ಲ. ಒಂದು ದೊಡ್ಡ ಬಿಳಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಸೊಟ್ಟಸೊಟ್ಟ ಕೊಂಬೆ ಎಳೀರಿ, ನಾಣ್ಯ ಇಟ್ಟು ಒಂಬತ್ತು ಕಡೆ ವೃತ್ತ ಮಾಡಿ, ಪ್ರತಿ ವೃತ್ತದ ಸುತ್ತ ಒಂಬತ್ತು ದಳ. ದಳ ಸಣ್ಣದಾದ್ರೆ ಬಣ್ಣ ತುಂಬೋವಾಗ ಕಿರಿಕಿರಿ ಆಗತ್ತೆ, ಹೆಬ್ಬೆರಳ ಉಗುರಿನಷ್ಟಾದ್ರೂ ಇರ್ಲಿ. ಹಾಳೆನ ಹಾಸಿಗೆಯಿಂದ ಕಾಣೋ ಗೋಡೆಗೆ ಅಂಟಿಸಿ, ಪೆನ್ಸಿಲ್‌ಗಳನ್ನ ಅಲ್ಲೇ ಇಡಿ. ಡಿಸೆಂಬರ್‌ವರೆಗೂ ಕಾಯ್ಬೇಕಾಗಿಲ್ಲ, ಚೇತರಿಕೆಗೆ ಅಂತ ಮಾಡೋರು ಯಾವತ್ತು ಬೇಕಾದ್ರೂ ಶುರು ಮಾಡ್ಬೋದು.

ಬಣ್ಣದಲ್ಲೂ ಒಂದು ಉಪಾಯ ಇದೆ. ಹಳೇ ಕಾಲದಲ್ಲಿ ದಳದ ಬದಲು ವೃತ್ತ ಇರೋ ಪಟ್ಟಿಗಳೂ ಇದ್ವು, ಅದರಲ್ಲಿ ಆ ದಿನದ ಹವಾಮಾನ ಬರೀತಿದ್ರು: ಮೋಡ ಇದ್ರೆ ವೃತ್ತದ ಮೇಲ್ಭಾಗ ತುಂಬೋದು, ಬಿಸಿಲಿದ್ರೆ ಕೆಳಭಾಗ, ಗಾಳಿಗೆ ಎಡಗಡೆ, ಮಳೆಗೆ ಬಲಗಡೆ, ಹಿಮ ಬಿದ್ರೆ ನಡುವೆ. ನಾನು ಇದನ್ನ ಮೈಯ ಹವಾಮಾನಕ್ಕೆ ಬಳಸಿದೆ. ಚೆನ್ನಾಗಿದ್ದ ದಿನಕ್ಕೆ ಕೆಂಪು, ಪರವಾಗಿಲ್ಲ ಅನ್ನೋ ದಿನಕ್ಕೆ ಹಳದಿ, ಮಲಗೇ ಕಳೆದ ದಿನಕ್ಕೆ ಬೂದು. ಅಷ್ಟೇ, ಇನ್ನೇನೂ ಬರೀಬೇಡಿ. ರಾತ್ರಿ ಹಲ್ಲುಜ್ಜಿದ ಮೇಲೆ ತುಂಬಿ, ಬೆಳಿಗ್ಗೆ ತುಂಬಿದ್ರೆ ದಿನ ಹೇಗಿರತ್ತೆ ಅಂತ ಮೊದಲೇ ತೀರ್ಮಾನ ಮಾಡಿದ ಹಾಗಾಗತ್ತೆ.

ಹೆಜ್ಜೆ 2: ಕಿಟಕಿಯಿಂದ ಕಾಣೋ ಒಂದು ಮರನ ಹಿಡ್ಕೊಳ್ಳಿ

ಚೀನೀ ಕ್ಯಾಲೆಂಡರಲ್ಲಿ ವರ್ಷಕ್ಕೆ ನಾಲ್ಕು ಋತು ಅನ್ನೋದರ ಒಳಗೆ 24 ಭಾಗ ಇದೆ, ಒಂದೊಂದೂ ಸುಮಾರು 15 ದಿನ. 2016ರಲ್ಲಿ ಯುನೆಸ್ಕೋ ಇದನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸ್ತು. ಹೆಸರುಗಳೇ ಎಷ್ಟು ಚೆನ್ನಾಗಿವೆ ನೋಡಿ, ಮಾರ್ಚ್ ಮೊದಲ ವಾರದ್ದು ಜಿಂಗ್‌ಝೆ, ಹುಳಹುಪ್ಪಟೆ ನಿದ್ದೆಯಿಂದ ಏಳೋ ಕಾಲ. ಸೆಪ್ಟೆಂಬರ್ ಮೊದಲ ವಾರದ್ದು ಬಾಯ್‌ಲು, ಬಿಳಿ ಇಬ್ಬನಿ. ಅಕ್ಟೋಬರ್ ಕೊನೆಯದ್ದು ಮಂಜುಗಟ್ಟೋ ಕಾಲ. ಇದನ್ನೂ ಒಡೆದು ಐದೈದು ದಿನದ 72 ತುಂಡು ಮಾಡಿದಾರೆ. ಜಿಂಗ್‌ಝೆಯ ಮೊದಲ ಐದು ದಿನಕ್ಕೆ ಪೀಚ್ ಹೂವು ಬಿಡತ್ತೆ, ಆಮೇಲಿನ ಐದು ದಿನಕ್ಕೆ ಹೊನ್ನಕ್ಕಿ ಕೂಗತ್ತೆ ಅಂತ ಬರೆದಿಟ್ಟಿದಾರೆ.

ಈ ಲೆಕ್ಕ ಹುಟ್ಟಿದ್ದು ಉತ್ತರ ಚೀನಾದ ಹಳದಿ ನದಿಯ ಬಯಲಲ್ಲಿ, ನೀವಿರೋ ಕಡೆ ಹಿಮ ಇಲ್ಲದೇ ಇರ್ಬೋದು, ಭೂಮಧ್ಯರೇಖೆಯ ದಕ್ಷಿಣಕ್ಕಿದ್ರೆ ಎಲ್ಲಾ ಆರು ತಿಂಗಳು ಉಲ್ಟಾ. ಹಾಗಾಗಿ ಹೆಸರುಗಳನ್ನ ಹಾಗೇ ಎತ್ಕೊಂಡು ಬರಬೇಡಿ, ನೋಡೋ ಅಭ್ಯಾಸನ ಮಾತ್ರ ತಗೊಳ್ಳಿ. ಒಂದು ಮರ ಆರಿಸಿ. ಐದು ದಿನಕ್ಕೊಮ್ಮೆ ಅದರ ಬಗ್ಗೆ ಒಂದು ಸಾಲು ಬರೀರಿ. ನನ್ನ ಪುಸ್ತಕದ ಸಾಲುಗಳು ಹೀಗಿದ್ವು: "ಏನೂ ಬದಲಾಗಿಲ್ಲ." "ಏನೂ ಬದಲಾಗಿಲ್ಲ." "ತುದಿಯಲ್ಲಿ ಅಕ್ಕಿಕಾಳಿನಷ್ಟು ಊದಿಕೊಂಡಿದೆ, ಮುಟ್ಟಿದ್ರೆ ಗಟ್ಟಿ." "ಊದಿದ್ದು ಒಡೆದಿದೆ, ಒಳಗೆ ಎಲೆ ಬೀಸಣಿಗೆ ಥರ ಮಡಿಸಿಟ್ಟಿದೆ, ಅಂಟುಅಂಟು." ಆ ಎರಡು ಸಲ "ಏನೂ ಬದಲಾಗಿಲ್ಲ" ಅಂತ ಬರೆದಿದ್ನಲ್ಲ, ಆಗ ಒಳಗೆ ಆ ಎಲೆ ಮಡಿಕೆ ಬೀಳ್ತಾ ಇತ್ತು. ಇದನ್ನ ಕಣ್ಣಾರೆ ನೋಡಿದ ಮೇಲೆ ನನ್ನ ಮೈ ಬಗ್ಗೆ "ಏನೂ ಆಗ್ತಿಲ್ಲ" ಅಂತ ಹೇಳೋದು ಕಮ್ಮಿ ಆಯ್ತು.

ಹೆಜ್ಜೆ 3: ನಿದ್ದೆನ ಋತುವಿಗೆ ಹೊಂದಿಸಿ

ಇದು ಎಲ್ಲಕ್ಕಿಂತ ಮುಖ್ಯ, ಒಂದೇ ಹೆಜ್ಜೆ ಮಾಡ್ತೀನಿ ಅನ್ನೋರು ಇದನ್ನೇ ಮಾಡಿ. ಹುವಾಂಗ್‌ಡಿ ನೇಯ್‌ಜಿಂಗ್ ಅಂತ ಸುಮಾರು 2000 ವರ್ಷ ಹಳೇ ವೈದ್ಯಗ್ರಂಥ ಇದೆ, ಚೀನೀ ವೈದ್ಯಕ್ಕೆ ಅದೇ ಬುಡ. ಅದರ ಮೊದಲ ಭಾಗದ ಎರಡನೇ ಅಧ್ಯಾಯ ಪೂರ್ತಿ ನಾಲ್ಕು ಋತುವಲ್ಲಿ ಹೇಗೆ ಬದುಕಬೇಕು ಅನ್ನೋದರ ಬಗ್ಗೆ. ವಸಂತದಲ್ಲಿ ಸ್ವಲ್ಪ ತಡವಾಗಿ ಮಲಗಿದ್ರೂ ನಡೆಯತ್ತೆ, ಬೇಗ ಏಳ್ಬೇಕು, ಕೂದಲು ಬಿಚ್ಕೊಂಡು ಬಟ್ಟೆ ಸಡಿಲ ಮಾಡ್ಕೊಂಡು ಅಂಗಳದಲ್ಲಿ ಉದ್ದುದ್ದ ಹೆಜ್ಜೆ ಹಾಕ್ಬೇಕು. ಬೇಸಿಗೆಯಲ್ಲೂ ಬೇಗ ಏಳಿ, ಹಗಲು ಉದ್ದ ಆಯ್ತು ಅಂತ ಬೇಜಾರು ಮಾಡ್ಕೋಬೇಡಿ, ಸಿಟ್ಟು ಇಟ್ಕೋಬೇಡಿ. ಶರತ್ಕಾಲದಲ್ಲಿ ಬೇಗ ಮಲಗಿ ಕೋಳಿ ಕೂಗೋ ಹೊತ್ತಿಗೆ ಎದ್ದು ಮನಸ್ಸನ್ನ ಒಳಗೆ ಎಳ್ಕೊಳ್ಳಿ. ಚಳಿಗಾಲದಲ್ಲಿ ಬೇಗ ಮಲಗಿ ತಡವಾಗಿ ಏಳಿ, ಬಿಸಿಲು ಬರೋವರೆಗೂ ಕಾಯಿರಿ, ಏನೋ ಒಂದು ಗುಟ್ಟನ್ನ ಬಚ್ಚಿಟ್ಕೊಂಡ ಹಾಗೆ ಇರಿ.

ಚಳಿಗಾಲದಲ್ಲಿ ತಡವಾಗಿ ಏಳಿ ಅಂತ ಒಂದು ಹಳೇ ವೈದ್ಯಗ್ರಂಥ ಹೇಳೋದನ್ನ ಓದಿ ನನಗೆ ಕಣ್ಣಲ್ಲಿ ನೀರು ಬಂತು, ಯಾಕಂದ್ರೆ ಅಲ್ಲೀತನಕ ಬೇಗ ಏಳೋಕೆ ಆಗ್ತಿಲ್ವಲ್ಲ ಅಂತ ನನ್ನನ್ನ ನಾನೇ ಬೈಕೊಂಡಿದ್ದೆ.

ಅದೇ ಅಧ್ಯಾಯದ ಕೊನೆಯಲ್ಲಿ ಕಾಯಿಲೆ ಬಂದ ಮೇಲೆ ಔಷಧಿ ಹುಡುಕೋದು ಬಾಯಾರಿದ ಮೇಲೆ ಬಾವಿ ತೋಡಿದ ಹಾಗೆ ಅನ್ನೋ ಅರ್ಥದ ಮಾತು ಬರತ್ತೆ. ನಮ್ಮಲ್ಲಿ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ್ರು ಅಂತೀವಲ್ಲ, ಅದೇ ಬಾವಿ.

ಮಾಡೋದು ಹೇಗೆ ಅಂದ್ರೆ, ಅಲಾರಾಂನ ಒಂದೇ ಸಲ ಬದಲಾಯಿಸ್ಬೇಡಿ. ಹದಿನೈದು ದಿನಕ್ಕೊಮ್ಮೆ, ಆ 24ರಲ್ಲಿ ಒಂದು ಭಾಗ ಮುಗಿದು ಇನ್ನೊಂದು ಶುರುವಾಗೋವಾಗ, ಹತ್ತು ಹದಿನೈದು ನಿಮಿಷ ಸರಿಸಿ. ಕೆಲಸದಿಂದಾಗಿ ಏಳೋ ಹೊತ್ತು ಬದಲಾಯಿಸೋಕೆ ಆಗದೇ ಇರೋರು ಮಲಗೋ ಹೊತ್ತನ್ನ ಬೇಗ ಮಾಡ್ಕೊಳ್ಳಿ. ಬೆಳಿಗ್ಗೆ ಎದ್ದ ಮೇಲೆ ಫೋನ್ ಮುಟ್ಟೋಕೆ ಮುಂಚೆ ಹತ್ತು ನಿಮಿಷ ಹೊರಗಿನ ಬೆಳಕಲ್ಲಿ ನಿಲ್ಲಿ, ಮೋಡ ಇದ್ರೂ ಸರಿ. ಚಳಿಗಾಲದ ರಾತ್ರಿ ಬಕೆಟ್ ಬಿಸಿನೀರಲ್ಲಿ ಪಾದ ಮುಳುಗಿಸಿ ಹದಿನೈದು ನಿಮಿಷ ಕೂರೋದು ಚೀನಾದಲ್ಲಿ ಮನೆಮನೆಯ ಅಭ್ಯಾಸ, ನೀರು ಸುಮಾರು 40 ಡಿಗ್ರಿ ಇದ್ರೆ ಸಾಕು, ಮೊಣಕೈ ಮುಳುಗಿಸಿ ನೋಡಿ, ಹಿತವಾಗಿರ್ಬೇಕು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶ ಕಮ್ಮಿ ಇರೋರು ಇದನ್ನ ಮಾಡ್ಬೇಡಿ, ಸುಟ್ಟಿದ್ದೇ ಗೊತ್ತಾಗಲ್ಲ.

ಹೆಜ್ಜೆ 4: ಮನಸ್ಸಿಗೂ ಋತು ಇದೆ ಅಂತ ಒಪ್ಕೊಳ್ಳಿ

ಚೀನೀ ವೈದ್ಯದ ಪ್ರಕಾರ ಪ್ರತಿ ಋತುವಿಗೂ ಒಂದು ಅಂಗ, ಒಂದು ಭಾವನೆ ಜೋಡಿ. ವಸಂತಕ್ಕೆ ಲಿವರ್ ಮತ್ತು ಸಿಟ್ಟು, ಬೇಸಿಗೆಗೆ ಹೃದಯ ಮತ್ತು ಸಂತೋಷ, ಬೇಸಿಗೆಯ ಕೊನೆಗೆ ಗುಲ್ಮ (ಸ್ಪ್ಲೀನ್) ಮತ್ತು ಅತಿಯಾದ ಯೋಚನೆ, ಶರತ್ಕಾಲಕ್ಕೆ ಲಂಗ್ಸ್ ಮತ್ತು ದುಃಖ, ಚಳಿಗಾಲಕ್ಕೆ ಕಿಡ್ನಿ ಮತ್ತು ಭಯ. ಇಲ್ಲಿ ಕಿಡ್ನಿ ಅಂದ್ರೆ ಸ್ಕ್ಯಾನಲ್ಲಿ ಕಾಣೋ ಕಿಡ್ನಿ ಅಷ್ಟೇ ಅಂತ ತಿಳ್ಕೋಬೇಡಿ, ಅದು ಅವರ ಪದ್ಧತಿಯ ಒಂದು ಶಕ್ತಿಯ ಹೆಸರು, ಹಾಗಾಗಿ ಭಯ ಆಗ್ತಿದೆ ಅಂತ ಕಿಡ್ನಿ ಟೆಸ್ಟ್ ಮಾಡಿಸೋಕೆ ಓಡ್ಬೇಡಿ. ಇದರಿಂದ ನನಗಾದ ಉಪಯೋಗ ಇಷ್ಟು: ಎಲೆ ಉದುರೋ ಕಾಲದಲ್ಲಿ ಕಾರಣ ಇಲ್ಲದೇ ಅಳು ಬಂದ್ರೆ "ಈಗ ದುಃಖದ ಸರದಿ" ಅಂತ ಅದಕ್ಕೆ ಜಾಗ ಕೊಟ್ಟೆ, ಓಡಿಸೋಕೆ ಹೋಗ್ಲಿಲ್ಲ. ಆದ್ರೆ ಎರಡು ವಾರ ಆದ್ರೂ ದುಃಖ ಇಳಿದೇ ಇದ್ರೆ ಋತುವಿನ ಮೇಲೆ ಹಾಕ್ಬೇಡಿ, ಮನೋವೈದ್ಯರನ್ನ ನೋಡಿ.

ಹೆಜ್ಜೆ 5: ನಿಧಾನವಾಗಿ ಬೇಯೋ ಒಂದು ಅಡುಗೆ

ಶರತ್ಕಾಲದ ಒಣಹವೆಗೆ, ಕೆಮ್ಮಿ ಕೆಮ್ಮಿ ಗಂಟಲು ಉರಿಯೋರಿಗೆ ಚೀನಾದಲ್ಲಿ ಪೇರ್ ಹಣ್ಣು ಬೇಯಿಸಿ ಕೊಡ್ತಾರೆ. ಪೇರ್‌ನ ಮೇಲಿಂದ ಮುಚ್ಚಳ ಥರ ಕತ್ತರಿಸಿ, ಚಮಚದಲ್ಲಿ ಬೀಜದ ಭಾಗ ಕೆರೆದು ತೆಗೀರಿ, ತಳ ತೂತಾಗಬಾರದು. ಆ ಗುಳಿಗೆ ಎರಡು ಮೂರು ಹರಳು ಕಲ್ಲುಸಕ್ಕರೆ ಹಾಕಿ, ಮುಚ್ಚಳ ಮುಚ್ಚಿ, ಬಟ್ಟಲಲ್ಲಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಕುಕ್ಕರಲ್ಲಿ ವಿಷಲ್ ಹಾಕಿ ಬೇಗ ಮುಗಿಸೋಣ ಅನ್ನಿಸತ್ತೆ, ಬೇಡ, ಹಣ್ಣು ಒಡೆದು ರಸ ಎಲ್ಲಾ ಹೋಗತ್ತೆ. ಸಣ್ಣ ಉರಿಯಲ್ಲಿ ಬೆಂದ್ರೆ ತಿರುಳು ಗಾಜಿನ ಥರ ಪಾರದರ್ಶಕ ಆಗತ್ತೆ, ಬಟ್ಟಲ ತಳದಲ್ಲಿ ತಿಳಿ ರಸ ನಿಲ್ಲತ್ತೆ, ಅದನ್ನ ಬಿಸಿ ಇರೋವಾಗ್ಲೇ ಕುಡೀರಿ. ಸಕ್ಕರೆ ಕಾಯಿಲೆ ಇದ್ರೆ ಕಲ್ಲುಸಕ್ಕರೆ ಬಿಡಿ, ಹಣ್ಣೂ ಅರ್ಧ ಸಾಕು.

ಬೇಸಿಗೆಗೆ ಹೆಸರುಕಾಳು ಬೇಯಿಸಿದ ನೀರು, ಚಳಿಗೆ ಶುಂಠಿ ಹಾಕಿದ ಬಿಸಿ ಸೂಪು, ಹಸಿವು ಸತ್ತಿದ್ರೆ ಯಾವ ಕಾಲಕ್ಕೂ ಅಕ್ಕಿ ಗಂಜಿ. ಗಂಜಿಗೆ ಒಂದು ಪಾಲು ಅಕ್ಕಿ, ಹತ್ತು ಪಾಲು ನೀರು, ಒಂದು ಗಂಟೆಗೆ ಕಮ್ಮಿ ಇಲ್ಲದ ಹಾಗೆ ಸಣ್ಣ ಉರಿ.

ಹೆಜ್ಜೆ 6: ನಿಂತ್ಕೊಳ್ಳಿ

ಝಾನ್‌ಝ್ವಾಂಗ್ ಅಂತ ಒಂದು ಅಭ್ಯಾಸ, ಕಂಬದ ಹಾಗೆ ನಿಲ್ಲೋದು. ಪಾದಗಳ ನಡುವೆ ಹೆಗಲಷ್ಟು ಅಂತರ, ಮಂಡಿ ತುಸು ಸಡಿಲ, ಮರ ತಬ್ಬಿದ ಹಾಗೆ ಕೈ ಎದೆಯ ಮುಂದೆ ದುಂಡಗೆ, ಬೆರಳುಗಳ ಮಧ್ಯೆ ಸ್ವಲ್ಪ ಜಾಗ, ಹೆಗಲು ಇಳಿಬಿಡಿ. ಮೊದಲ ಒಂಬತ್ತು ದಿನ ಒಂದೇ ನಿಮಿಷ. ಆಮೇಲೆ ಹೂವಿಗೊಂದು ನಿಮಿಷ ಏರಿಸಿ, ಅಂದ್ರೆ ಒಂಬತ್ತು ದಿನಕ್ಕೊಮ್ಮೆ. 81 ದಿನ ಮುಗಿಯೋವಾಗ ಒಂಬತ್ತು ನಿಮಿಷ ಆಗಿರತ್ತೆ. ಆದ್ರೆ ಶ್ರಮ ಪಟ್ಟ ಮಾರನೇ ದಿನ ಮೈ ಪೂರ್ತಿ ಕುಸಿಯತ್ತೆ ಅನ್ನೋರು ಏರಿಸಲೇಬೇಡಿ, ಕೂತು ಮಾಡಿ ಅಥವಾ ಬಿಟ್ಟುಬಿಡಿ, ಅಂಥ ಸುಸ್ತನ್ನ ಹಠದಿಂದ ಗೆಲ್ಲೋಕಾಗಲ್ಲ. ಚೇತರಿಸಿಕೊಂಡ ಮೇಲೆ ಬಾದ್ವಾನ್‌ಜಿನ್ ಕಲೀಬೋದು, ಎಂಟು ನಿಧಾನದ ಚಲನೆ, ಸೋಂಗ್ ಅರಸರ ಕಾಲದಿಂದ ಬಂದಿದ್ದು.

ಒತ್ತೋ ಬಿಂದುಗಳಲ್ಲಿ ಎರಡು ಗೊತ್ತಿದ್ರೆ ಸಾಕು. ಝುಸಾನ್‌ಲಿ ಅನ್ನೋದು ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳಗಲ ಬಿಟ್ಟು, ಕಾಲಿನ ಮುಂದಿನ ಎಲುಬಿಂದ ಒಂದು ಬೆರಳಗಲ ಹೊರಗಡೆ, ಸುಸ್ತಿಗೆ ಮತ್ತು ಹೊಟ್ಟೆಗೆ ಒತ್ತುತಾರೆ. ನೇಯ್‌ಗುವಾನ್ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಮೇಲೆ, ಕೈ ಒಳಭಾಗದ ಎರಡು ಹುರಿಗಳ ಮಧ್ಯೆ, ವಾಕರಿಕೆಗೆ ಒತ್ತುತಾರೆ. ಹೆಬ್ಬೆರಳಿಂದ ಒಂದೆರಡು ನಿಮಿಷ, ನೋಯೋ ಹಾಗಲ್ಲ. ಬಸುರಿಯರು ಯಾವ ಬಿಂದು ಒತ್ತೋಕೂ ಮುಂಚೆ ಕೇಳ್ಕೊಳ್ಳಿ.

ಹೆಜ್ಜೆ 7: ವೈದ್ಯರ ಹತ್ರ ಹೋಗೋದಾದ್ರೆ

ಚೀನೀ ವೈದ್ಯ ಕಲಿತು ಲೈಸೆನ್ಸ್ ಇರೋರ ಹತ್ರ ಮಾತ್ರ ಹೋಗಿ. ಅವರು ನಾಡಿಯನ್ನ ಮೂರು ಬೆರಳಿಟ್ಟು ಎರಡೂ ಕೈಯಲ್ಲಿ ನೋಡ್ತಾರೆ, ನಾಲಿಗೆ ನೋಡ್ತಾರೆ, ಅದಕ್ಕೆ ಅವತ್ತು ನಾಲಿಗೆ ಕೆರೀಬೇಡಿ, ಕಾಫಿ ಕುಡಿದು ಹೋಗ್ಬೇಡಿ. ನೀವು ತಗೊಳ್ತಿರೋ ಎಲ್ಲಾ ಮಾತ್ರೆಯ ಪಟ್ಟಿ ಕೊಡಿ, ಅವರು ಕೊಟ್ಟ ಮೂಲಿಕೆಯ ಪಟ್ಟಿನ ನಿಮ್ಮ ಡಾಕ್ಟರಿಗೂ ತೋರಿಸಿ. ಇದು ಶಿಷ್ಟಾಚಾರಕ್ಕೆ ಹೇಳ್ತಿರೋದಲ್ಲ. ದಾನ್‌ಶೆನ್ ಅನ್ನೋ ಬೇರು ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವ ಆಗ್ಬೋದು, ಜ್ಯೇಷ್ಠಮಧು ಜಾಸ್ತಿ ದಿನ ತಗೊಂಡ್ರೆ ಬಿಪಿ ಏರತ್ತೆ, ಪೊಟ್ಯಾಸಿಯಂ ಇಳಿಯತ್ತೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋ ಔಷಧಿಯಲ್ಲಿ ಒಂದು ಮೂಲಿಕೆ ಬದಲು ಅರಿಸ್ಟೋಲೋಕಿಯಾ ಅನ್ನೋ ವಿಷದ ಗಿಡ ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹಾಳಾಯ್ತು. ಗಿಡಮೂಲಿಕೆ ಅಂದ್ಮಾತ್ರಕ್ಕೆ ಸೇಫ್ ಅಂತಲ್ಲ, ಹೆಸರಿಲ್ಲದ ಪುಡಿ, ಆನ್‌ಲೈನ್ ಪೊಟ್ಟಣ ಮುಟ್ಟಲೇಬೇಡಿ.

ಕಷಾಯ ಕೊಟ್ರೆ ಮಣ್ಣಿನ ಅಥವಾ ಪಿಂಗಾಣಿ ಪಾತ್ರೆ ಬಳಸಿ, ಕಬ್ಬಿಣ ಅಲ್ಯೂಮಿನಿಯಂ ಬೇಡ. ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಮೊದಲು ದೊಡ್ಡ ಉರಿ, ಕುದಿ ಬಂದ ಮೇಲೆ ಸಣ್ಣ ಉರಿ, ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಎರಡನೇ ಸಲ ಕಾಯಿಸಿ ಎರಡನ್ನೂ ಬೆರೆಸಿ, ವೈದ್ಯರು ಬೇರೆ ಥರ ಹೇಳಿದ್ರೆ ಅವರು ಹೇಳಿದ ಹಾಗೆ.

ಕಾಯಿಸೋ ರೀತಿ ಯಾಕೆ ಮುಖ್ಯ ಅನ್ನೋದಕ್ಕೆ ಚೀನಾದ ವಿಜ್ಞಾನಿ ತು ಯೂಯೂ ಅವರ ಕೆಲಸ ನೋಡಿ. ಮಲೇರಿಯಾಗೆ ಔಷಧಿ ಹುಡುಕ್ತಾ ಹಳೇ ಗ್ರಂಥಗಳಲ್ಲಿದ್ದ ಮೂಲಿಕೆಗಳನ್ನ ಒಂದೊಂದಾಗಿ ಪರೀಕ್ಷೆ ಮಾಡ್ತಿದ್ದ ಅವರಿಗೆ ಚಿಂಗ್‌ಹಾವ್ ಗಿಡ ಒಂದು ಸಲ ಫಲ ಕೊಟ್ರೆ ಇನ್ನೊಂದು ಸಲ ಕೊಡ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹೋಂಗ್ ಅನ್ನೋ ವೈದ್ಯ ಆ ಗಿಡನ ನೀರಲ್ಲಿ ನೆನೆಸಿ ಹಿಂಡಿ ರಸ ಕುಡೀರಿ ಅಂತ ಬರೆದಿದ್ದ, ಕುದಿಸಿ ಅಂತ ಹೇಳಿರಲಿಲ್ಲ. ಶಾಖದಿಂದ್ಲೇ ಗುಣ ಹೋಗ್ತಿರಬೋದು ಅಂತ ಹೊಳೆದು ಈಥರ್ ಅನ್ನೋ ದ್ರಾವಕದಿಂದ ಕಡಿಮೆ ಶಾಖದಲ್ಲಿ ಸಾರ ತೆಗೆದ್ರು, 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳಲ್ಲಿ ಪೂರ್ತಿ ಕೆಲಸ ಮಾಡ್ತು. ಆ ಗಿಡದ ಸಾರದಿಂದ ಸಿಕ್ಕಿದ್ದೇ ಆರ್ಟೆಮಿಸಿನಿನ್ ಅನ್ನೋ ಮಲೇರಿಯಾ ಔಷಧಿ, 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಳೇ ಪುಸ್ತಕನೂ ಬೇಕಾಯ್ತು, ಪರೀಕ್ಷೆನೂ ಬೇಕಾಯ್ತು, ಮತ್ತೆ ಮತ್ತೆ ಆಗದೇ ಇದ್ದದ್ದನ್ನ ತಡ್ಕೊಳ್ಳೋ ಶಕ್ತಿನೂ ಬೇಕಾಯ್ತು.

ಹೆಜ್ಜೆ 8: ಮತ್ತೆ ಬಿದ್ದಾಗ

ಬೀಳ್ತೀರಿ, ಅದಕ್ಕೆ ಈಗ್ಲೇ ಹೇಳ್ತಿದೀನಿ. ಚೀನೀಯರಲ್ಲಿ ಒಂದು ಗಾದೆ ಇದೆ, ಕಾಯಿಲೆ ಬರೋದು ಬೆಟ್ಟ ಕುಸಿದ ಹಾಗೆ, ಹೋಗೋದು ರೇಷ್ಮೆ ಎಳೆ ಬಿಚ್ಚಿದ ಹಾಗೆ. ರೇಷ್ಮೆ ಗೂಡನ್ನ ಬಿಸಿನೀರಿಗೆ ಹಾಕಿ ನೂಲು ಬಿಚ್ಚೋದನ್ನ ನೋಡಿದ್ರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. ಒಂದು ಗೂಡಲ್ಲಿ ಒಂದೇ ಎಳೆ, ನೂರಾರು ಮೀಟರ್ ಉದ್ದ, ಜೋರಾಗಿ ಎಳೆದ್ರೆ ಪಟ್ ಅಂತ ಕಡಿಯತ್ತೆ. ಕಡಿದ್ರೆ ಗೂಡನ್ನ ಎಸೆಯಲ್ಲ, ತುದಿ ಹುಡುಕಿ ಮತ್ತೆ ಸೇರಿಸ್ತಾರೆ.

ಹಾಗಾಗಿ ಬಿದ್ದ ದಿನ ಮಾಡ್ಬೇಕಾದ್ದು ಮೂರೇ: ಗಂಜಿ ಕುಡಿಯೋದು, ಬೇಗ ಮಲಗೋದು, ಬೂದು ಬಣ್ಣದ ದಳ ತುಂಬೋದು. ನಿಲ್ಲೋ ಅಭ್ಯಾಸ, ಓದು, ಯಾರಿಗೋ ವಾಪಸ್ ಫೋನ್ ಮಾಡ್ಬೇಕಿತ್ತು ಅನ್ನೋದು ಎಲ್ಲಾ ನಾಳೆಗೆ. ಬೂದು ದಳ ಸತತ ನಾಲ್ಕೈದು ಬಂದ್ರೆ, ಅಥವಾ ಜ್ವರ ಮತ್ತೆ ಕಾಣಿಸಿದ್ರೆ ಡಾಕ್ಟರಿಗೆ ಫೋನ್ ಮಾಡಿ, ಕಾಯೋದು ಬೇಡ.

81 ಮುಗಿದ ಮೇಲೆ ಹಾಳೆನ ಗೋಡೆಯಿಂದ ಇಳಿಸಿ ಮಡಿಸ್ದೇ ಸುರುಳಿ ಸುತ್ತಿ, ಮುಂದಿನ ಚೆಕಪ್‌ಗೆ ಜೊತೆಗೆ ತಗೊಂಡು ಹೋಗಿ. ನಾನು ಹಾಗೇ ಮಾಡಿದೆ. ಡಾಕ್ಟರ್ ಅದನ್ನ ಟೇಬಲ್ ಮೇಲೆ ಹರಡಿ, ಒಂದು ಕಡೆ ಸ್ಟೆತೊಸ್ಕೋಪ್ ಇನ್ನೊಂದು ಕಡೆ ಪೇಪರ್‌ವೇಟ್ ಇಟ್ಟು ಬೆರಳಿಂದ ಎಣಿಸಿದ್ರು. ಮೊದಲ ಮೂರು ಹೂವು ಹೆಚ್ಚುಕಮ್ಮಿ ಪೂರ್ತಿ ಬೂದು, ನಡುವಿನವು ಹಳದಿ, ಕೊನೆಯ ಎರಡು ಹೂವಲ್ಲಿ ಬೂದು ಒಂದೇ ಒಂದು ದಳ. "ಇದು ಯಾವತ್ತು, ಏನು ಮಾಡಿದ್ರಿ ಅವತ್ತು?" ಅಂತ ಆ ಒಂದು ದಳದ ಮೇಲೆ ಬೆರಳಿಟ್ಟು ಕೇಳಿದ್ರು. ಹಿಂದಿನ ದಿನ ಮನೆ ಪೂರ್ತಿ ಗುಡಿಸಿ ಒರೆಸಿದ್ದೆ. ಇನ್ನೊಂದು ತಿಂಗಳು ಅದನ್ನ ಬೇರೆಯವರ ಕೈಲಿ ಮಾಡ್ಸಿ ಅಂತ ಚೀಟಿಯಲ್ಲಿ ಬರೆದುಕೊಟ್ರು.